ಡೆಬಿಯನ್ 12: ಲ್ಯಾಪ್‌ಟಾಪ್‌ನಲ್ಲಿ ಶಬ್ದವೇ ಇಲ್ಲ, ‘ಡಮ್ಮಿ ಔಟ್‌ಪುಟ್’ ಅಂತ ತೋರಿಸುತ್ತಿದೆ

ಶಾಲ್ಮಲೆ
ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯವಳು. ಅಕ್ಕನ ಮಗ ರಜೆಗೆ ಬಂದವನು ನನ್ನ ಲ್ಯಾಪ್‌ಟಾಪ್‌ನಿಂದ ವಿಂಡೋಸ್ ಕಿತ್ತುಹಾಕಿ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿಕೊಟ್ಟು ಹೋದ. ಗ್ನೋಮ್ ಡೆಸ್ಕ್‌ಟಾಪ್. ಮೊದಲಿಗಿಂತ ಚುರುಕಾಗಿದೆ, ಕನ್ನಡ ಟೈಪಿಂಗೂ ಸಲೀಸು. ಶಬ್ದ ಮಾತ್ರ ಇಲ್ಲ. ವಿಡಿಯೊ ಓಡುತ್ತದೆ, ಜನ ಬಾಯಿ ಆಡಿಸುತ್ತಾರೆ, ಸದ್ದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಸೌಂಡ್ ತೆರೆದರೆ ಔಟ್‌ಪುಟ್ ಜಾಗದಲ್ಲಿ ‘ಡಮ್ಮಿ ಔಟ್‌ಪುಟ್’ ಅಂತ ಒಂದೇ ಹೆಸರು. ವಾಲ್ಯೂಮ್ ಪೂರ್ತಿ ಏರಿಸಿದ್ದೇನೆ. ವಿಂಡೋಸ್ ಇದ್ದಾಗ ಸ್ಪೀಕರ್ ಚೆನ್ನಾಗಿಯೇ ಇತ್ತು.

ಅಪ್ಪ ಕೂಡಿಟ್ಟ ತಾಳಮದ್ದಳೆ ಕ್ಯಾಸೆಟ್‌ಗಳು ಒಂದು ಟ್ರಂಕ್ ತುಂಬ ಇವೆ. ಕೆಲವಕ್ಕೆ ಆಗಲೇ ಬೂಸ್ಟು ಹಿಡಿದಿದೆ. ಅವನ್ನೆಲ್ಲ ಕಂಪ್ಯೂಟರ್‌ಗೆ ಹಾಕಿಕೊಳ್ಳಬೇಕು ಅಂತಲೇ ಈ ಲ್ಯಾಪ್‌ಟಾಪನ್ನು ಸರಿಮಾಡಿಸಿದ್ದು. ಪರದೆಯ ಫೋಟೊ ಹಾಕಿದ್ದೇನೆ, ನೋಡಿ ಹೇಳಿ.

ಎಲೆಅಡಿಕೆ
ಇದು ಮಾಮೂಲಿ ಮೇಡಂ. ಪಲ್ಸ್‌ಆಡಿಯೊ ತೆಗೆದು ಮತ್ತೆ ಹಾಕಿ, ಹೋಂ ಫೋಲ್ಡರ್‌ನಲ್ಲಿರುವ ಅದರ ಕಾನ್ಫಿಗ್ ಫೋಲ್ಡರ್ ಡಿಲೀಟ್ ಮಾಡಿ, ಆಲ್ಸಾ ಫೋರ್ಸ್-ರೀಲೋಡ್ ಕೊಡಿ, ರೀಬೂಟ್ ಮಾಡಿ. ನಾನು ಉಬುಂಟು 14.04 ಕಾಲದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ.

ಟರ್ಮಿನಲ್ ತಾತ
ಶಾಲ್ಮಲೆಯವರೇ, ಸ್ವಲ್ಪ ತಡೆಯಿರಿ. ಮೇಲೆ ಹೇಳಿದ್ದನ್ನು ಈಗಲೇ ಮಾಡಬೇಡಿ. ಡೆಬಿಯನ್ 12ರ ಗ್ನೋಮ್‌ನಲ್ಲಿ ಶಬ್ದ ನೋಡಿಕೊಳ್ಳುವುದು ಪೈಪ್‌ವೈರ್, ಪಲ್ಸ್‌ಆಡಿಯೊ ಅಲ್ಲ. ಇಲ್ಲದ್ದನ್ನು ತಂದು ಹಾಕಲು ಹೋದರೆ ಹಳೆಯದು ಹೊಸದು ಎರಡೂ ಜಗಳಕ್ಕೆ ನಿಲ್ಲುತ್ತವೆ. ಆಮೇಲೆ ಮೊದಲಿನ ತೊಂದರೆ ಯಾವುದು, ನಾವು ತಂದುಕೊಂಡದ್ದು ಯಾವುದು ಅಂತ ಬಿಡಿಸುವುದೇ ಒಂದು ಕೆಲಸ ಆಗುತ್ತದೆ. ಯಾವತ್ತೇ ಆಗಲಿ, ಪ್ಯಾಕೇಜ್ ಹಾಕುವ ತೆಗೆಯುವ ಏಪ್ಟ್ ಕಮಾಂಡ್ ‘ಇವಿಷ್ಟನ್ನು ತೆಗೆಯುತ್ತೇನೆ’ ಅಂತ ಪಟ್ಟಿ ಕೊಟ್ಟಾಗ ಅದನ್ನು ಓದದೆ ವೈ ಒತ್ತಬೇಡಿ.

‘ಡಮ್ಮಿ ಔಟ್‌ಪುಟ್’ ಅಂದರೆ ಪೈಪ್‌ವೈರ್ ಓಡುತ್ತಿದೆ, ಆದರೆ ಶಬ್ದ ಕಳಿಸೋಣ ಅಂದರೆ ಅದಕ್ಕೆ ಒಂದೂ ಸೌಂಡ್ ಕಾರ್ಡ್ ಸಿಕ್ಕಿಲ್ಲ. ಸುಮ್ನೆ ಒಂದು ಖಾಲಿ ಬಾಗಿಲು ತೆರೆದಿಟ್ಟು ಕೂತಿದೆ. ಹಾಗಾಗಿ ಕಳ್ಳ ಇರುವುದು ಇನ್ನೂ ಕೆಳಗೆ, ಯಂತ್ರದ ಭಾಗಗಳನ್ನು ನೋಡಿಕೊಳ್ಳುವ ಕರ್ನಲ್ ಮಟ್ಟದಲ್ಲಿ.

ಟರ್ಮಿನಲ್ ತೆರೆದು ಮೂರು ಕಮಾಂಡ್ ಓಡಿಸಿ. ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಎಪ್ಲೇ -ಎಲ್
ಎಲ್‌ಎಸ್‌ಪಿಸಿಐ -ಕೆ
ಸುಡು ಡಿಮೆಸೇಜ್ | ಗ್ರೆಪ್ -ಐ ಎಸ್ಒಎಫ್

ಎಪ್ಲೇ ಅನ್ನುವುದು ಎ-ಪಿ-ಎಲ್-ಎ-ವೈ. ಡಿಮೆಸೇಜ್ ಅಂದರೆ ಡಿ-ಎಂ-ಇ-ಎಸ್-ಜಿ, ಐದೇ ಅಕ್ಷರ. ಎರಡನೆಯದರಲ್ಲಿ ಉದ್ದ ಪಟ್ಟಿ ಬರುತ್ತದೆ, ಅದರಲ್ಲಿ ‘ಆಡಿಯೊ’ ಅಂತ ಇರುವ ಭಾಗ ಸಾಕು.

ಕಿವಿಯೇ ಕಣ್ಣು
ಶಾಲ್ಮಲೆ ಅಕ್ಕಾ, ಒಂದು ವಿನಂತಿ. ಫೋಟೊ ಬದಲು ಟರ್ಮಿನಲ್‌ನಲ್ಲಿ ಬಂದದ್ದನ್ನು ಕಾಪಿ ಮಾಡಿ ಅಕ್ಷರದಲ್ಲಿ ಹಾಕಿ. ಟರ್ಮಿನಲ್‌ನಲ್ಲಿ ಕಾಪಿ ಮಾಡಲು ಕಂಟ್ರೋಲ್, ಶಿಫ್ಟ್, ಸಿ ಮೂರೂ ಒಟ್ಟಿಗೆ. ನನಗೆ ಕಣ್ಣು ಕಾಣುವುದಿಲ್ಲ, ಪರದೆ ಓದುವ ಓರ್ಕಾ ಪ್ರೋಗ್ರಾಮ್ ಓದಿ ಹೇಳಿದ್ದನ್ನು ಕೇಳಿಕೊಂಡು ಇಲ್ಲಿ ಇರುತ್ತೇನೆ. ಫೋಟೊ ಬಂದರೆ ಅದು ‘ಚಿತ್ರ’ ಅಂತ ಹೇಳಿ ಮುಂದೆ ಹೋಗಿಬಿಡುತ್ತದೆ. ಶಬ್ದ ಹೋದ ಕಷ್ಟ ನನಗಿಂತ ಜಾಸ್ತಿ ಯಾರಿಗೆ ಗೊತ್ತು, ಸಹಾಯ ಮಾಡುವ ಆಸೆ ಇದೆ.

ಶಾಲ್ಮಲೆ
ಖಂಡಿತ. ಇನ್ನು ಮುಂದೆ ಅಕ್ಷರದಲ್ಲೇ ಹಾಕುತ್ತೇನೆ.

ಮೊದಲನೆಯದಕ್ಕೆ ಬಂದದ್ದು: ‘ನೋ ಸೌಂಡ್‌ಕಾರ್ಡ್ಸ್ ಫೌಂಡ್’.

ಎರಡನೆಯದರಲ್ಲಿ: ‘ಮಲ್ಟಿಮೀಡಿಯಾ ಆಡಿಯೊ ಕಂಟ್ರೋಲರ್: ಇಂಟೆಲ್ ಕಾರ್ಪೊರೇಷನ್ ಟೈಗರ್ ಲೇಕ್…’ ಅಂತ ಒಂದು ಸಾಲು. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್: ಎಸ್ಒಎಫ್-ಆಡಿಯೊ-ಪಿಸಿಐ-ಇಂಟೆಲ್-ಟಿಜಿಎಲ್’.

ಮೂರನೆಯದರಲ್ಲಿ ಕೆಂಪಗೆ ಒಂದಷ್ಟು ಬಂತು. ಮುಖ್ಯ ಅಂತ ಅನಿಸಿದ್ದು: ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫಾರ್ ಇಂಟೆಲ್/ಎಸ್ಒಎಫ್/ಎಸ್ಒಎಫ್-ಟಿಜಿಎಲ್.ಆರ್‌ಐ ಫೇಲ್ಡ್ ವಿತ್ ಎರರ್ -2’.

ಇನ್ನೊಂದು ಹೇಳಬೇಕಿತ್ತು. ವೈಫೈಗೆ ಅಂತ ಅವನು ಒಂದು ಸಣ್ಣ ಯುಎಸ್‌ಬಿ ಕಡ್ಡಿ ಚುಚ್ಚಿ ಹೋಗಿದ್ದಾನೆ. ಅದನ್ನು ತೆಗೆದರೆ ನೆಟ್ ಇಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.

ಟರ್ಮಿನಲ್ ತಾತ
ಇದೆ, ಪೂರ್ತಿ ಸಂಬಂಧ ಇದೆ!

ಟೈಗರ್ ಲೇಕ್ ಅಂದರೆ ಇಂಟೆಲ್‌ನ 11ನೇ ತಲೆಮಾರು. ಅಂಥ ಲ್ಯಾಪ್‌ಟಾಪ್‌ಗೆ ಒಳಗೇ ವೈಫೈ ಇರುತ್ತದೆ. ಇದ್ದೂ ಹೊರಗಿನ ಕಡ್ಡಿ ಯಾಕೆ ಬೇಕಾಯಿತು? ಒಳಗಿನ ವೈಫೈಗೆ ಬೇಕಾದ ಫರ್ಮ್‌ವೇರ್, ಅಂದರೆ ಚಿಪ್ ಒಳಗೇ ಓಡುವ ಪ್ರೋಗ್ರಾಮ್, ಹಾಕಿಲ್ಲ, ಅದಕ್ಕೇ. ಶಬ್ದದ ಚಿಪ್‌ಗೂ ಅದೇ ಗತಿ. ಎರರ್ -2 ಅಂದರೆ ‘ಅಂಥ ಫೈಲೇ ಇಲ್ಲ’. ಡ್ರೈವರ್ ಬಂತು, ಚಿಪ್ ಕಂಡಿತು, ಅದಕ್ಕೆ ತುಂಬಬೇಕಾದ ಫೈಲ್ ಡಿಸ್ಕ್‌ನಲ್ಲಿ ಸಿಗಲಿಲ್ಲ, ಡ್ರೈವರ್ ಕೈಚೆಲ್ಲಿತು. ನಿಮ್ಮ ಸ್ಪೀಕರ್ ಕೆಟ್ಟಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲೆಲ್ಲ ಇಂಟೆಲ್ ಯಂತ್ರಗಳಲ್ಲಿ ಶಬ್ದಕ್ಕೆ ಎಚ್‌ಡಿಎ ಅನ್ನುವ ನೇರ ದಾರಿ ಇತ್ತು. ಕರ್ನಲ್‌ನ ಡ್ರೈವರ್ ಇದ್ದರೆ ಸಾಕು, ಹಾಡು ಬರುತ್ತಿತ್ತು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ ಡಿಜಿಟಲ್ ಆಗಿದೆ. ಪರದೆಯ ಮೇಲಂಚಿನಲ್ಲಿ ಕ್ಯಾಮೆರಾ ಪಕ್ಕ ಎರಡು ಸೂಜಿಮೊನೆಯಷ್ಟು ತೂತು ಕಾಣುತ್ತದಲ್ಲ, ಅದೇ. ಆ ಮೈಕ್‌ನ ತಂತಿ ಹೋಗಿ ಸೇರುವುದು ಪ್ರೊಸೆಸರ್ ಪಕ್ಕದ ಒಂದು ಪುಟ್ಟ ಡಿಎಸ್‌ಪಿಗೆ, ಅಂದರೆ ಶಬ್ದ ಸಂಸ್ಕರಿಸುವ ಚಿಪ್‌ಗೆ. ಆ ಡಿಎಸ್‌ಪಿ ಒಳಗೆ ಓಡುವ ಪ್ರೋಗ್ರಾಮೇ ಸೌಂಡ್ ಓಪನ್ ಫರ್ಮ್‌ವೇರ್, ಅಂದರೆ ಎಸ್ಒಎಫ್. ಇಂಟೆಲ್ ಇದನ್ನು 2018ರಲ್ಲಿ ಹೊರಗೆ ಬಿಟ್ಟಿತು. ಅಂಥ ಮೈಕ್ ಇರುವುದು ಕಂಡರೆ ಕರ್ನಲ್ ತಾನಾಗಿ ಎಸ್ಒಎಫ್ ದಾರಿ ಹಿಡಿಯುತ್ತದೆ. ಫೈಲ್ ಸಿಗದಿದ್ದರೆ ಮೈಕ್ ಮಾತ್ರ ಅಲ್ಲ, ಸ್ಪೀಕರ್, ಹೆಡ್‌ಫೋನ್, ಎಚ್‌ಡಿಎಂಐ ಎಲ್ಲ ಒಟ್ಟಿಗೆ ಮಾಯ. ಅದಕ್ಕೇ ನಿಮಗೆ ಒಂದೂ ಕಾರ್ಡ್ ಕಾಣಲಿಲ್ಲ.

ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ. ಇಂಥ ಫರ್ಮ್‌ವೇರನ್ನು ಇನ್‌ಸ್ಟಾಲರ್ ಒಳಗೇ ಇಡಬೇಕೋ ಬೇಡವೋ ಅಂತ 2022ರಲ್ಲಿ ಡೆಬಿಯನ್‌ನವರು ಮತಕ್ಕೆ ಹಾಕಿ, ಇಡೋಣ ಅಂತ ತೀರ್ಮಾನಿಸಿದರು. ಹಾಗಾಗಿ ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಹಾಕಿದ್ದರೆ ಇದು ತಾನೇ ಬಂದಿರುತ್ತಿತ್ತು. ಬಂದಿಲ್ಲ ಅಂದರೆ ನಿಮ್ಮ ಅಕ್ಕನ ಮಗ ಬೇಕಂತಲೇ ಬೇಡ ಅಂದಿರಬೇಕು. ಹುಡುಗ ಸಿದ್ಧಾಂತದವನೇ?

ಶಾಲ್ಮಲೆ
ಹೌದು, ಅವನ ಲ್ಯಾಪ್‌ಟಾಪ್ ಮೇಲೆ ಗಡ್ಡದ ಆಕಳಿನ ಥರದ ಒಂದು ಸ್ಟಿಕ್ಕರ್ ಇದೆ. ಕರೆಯುತ್ತೇನೆ ತಡೆಯಿರಿ.

ಎಲೆಅಡಿಕೆ
ಅದು ಆಕಳಲ್ಲ ಮೇಡಂ, ಗ್ನೂ, ಮುಕ್ತ ತಂತ್ರಾಂಶದವರ ಗುರುತು. 😄 ತಾತ, ಒಪ್ಪಿದೆ. ಆದರೆ ಪಲ್ಸ್‌ಆಡಿಯೊ ಅಷ್ಟು ಬೇಗ ಹಳೆಯದಾಯಿತಾ? ಮೊನ್ನೆ ಮೊನ್ನೆ ಬಂದ ಹಾಗಿದೆ.

ಟರ್ಮಿನಲ್ ತಾತ
ನಮ್ಮ ವಯಸ್ಸಿನವರಿಗೆ ಎಲ್ಲ ಮೊನ್ನೆ ಮೊನ್ನೆಯೇ.

ಲಿನಕ್ಸ್‌ನಲ್ಲಿ ಶಬ್ದದ ಡ್ರೈವರ್‌ಗಳಿಗೆ ಮೊದಲು ಒಎಸ್‌ಎಸ್ ಇತ್ತು. ಆಮೇಲೆ ಆಲ್ಸಾ ಬಂತು. 2003ರ ಡಿಸೆಂಬರ್‌ನಲ್ಲಿ ಹೊರಬಿದ್ದ 2.6 ಕರ್ನಲ್ ಒಳಗೇ ಸೇರಿತು, ಇವತ್ತಿಗೂ ತಳದಲ್ಲಿ ಇರುವುದು ಅದೇ. ಅದರ ಮೇಲೆ ಕೂತು ನಾಲ್ಕಾರು ಪ್ರೋಗ್ರಾಮ್‌ಗಳ ಶಬ್ದ ಬೆರೆಸಿ ಕೊಡುವ ಕೆಲಸಕ್ಕೆ ಪಲ್ಸ್‌ಆಡಿಯೊ ಬಂತು. ಫೆಡೋರಾ 8 ಅದನ್ನು 2007ರಲ್ಲಿ ತಂದಿತು, ಉಬುಂಟು 2008ರ 8.04ರಲ್ಲಿ. ಆ ಶುರುವಿನ ವರ್ಷಗಳಲ್ಲಿ ಜನ ಬೈದದ್ದೇ ಬೈದದ್ದು. ಇವತ್ತು ಹುಡುಕಿದರೆ ಸಿಗುವ ‘ಪಲ್ಸ್‌ಆಡಿಯೊ ಕಿತ್ತು ಬಿಸಾಕಿ’ ಅನ್ನುವ ಸಲಹೆಗಳಲ್ಲಿ ಬಹಳಷ್ಟು ಆ ಕಾಲದ್ದು.

ಪೈಪ್‌ವೈರ್ ಶುರು ಮಾಡಿದ್ದು ವಿಮ್ ಟೇಮನ್ಸ್. ಮೊದಲಿಗೆ ವಿಡಿಯೊಗಾಗಿ ಬರೆದದ್ದು, ಶಬ್ದ ಆಮೇಲೆ ಸೇರಿತು. 2021ರಲ್ಲಿ ಫೆಡೋರಾ 34 ಅದನ್ನು ಶಬ್ದಕ್ಕೂ ಹಿಡಿಯಿತು. ಉಬುಂಟು 22.10ರಿಂದ, ಮಿಂಟ್ 22ರಿಂದ ಅದೇ. ಡೆಬಿಯನ್ 12ರಲ್ಲಿ ಗ್ನೋಮ್ ಹಾಕಿಕೊಂಡವರಿಗೂ ಅದೇ. ಚೆಂದ ಏನೆಂದರೆ ಪೈಪ್‌ವೈರ್‌ಗೆ ಪಲ್ಸ್‌ಆಡಿಯೊದ ಭಾಷೆಯೂ ಬರುತ್ತದೆ. ಹಳೇ ಪ್ರೋಗ್ರಾಮ್‌ಗಳಿಗೆ ಮನೆ ಮಾಲೀಕ ಬದಲಾದದ್ದೇ ತಿಳಿಯುವುದಿಲ್ಲ. ‘ಪ್ಯಾಕ್‌ಟಿಎಲ್ ಇನ್ಫೊ’ ಕೊಟ್ಟು ನೋಡಿ, ಸರ್ವರ್ ನೇಮ್ ಇರುವ ಸಾಲಿನಲ್ಲಿ ‘ಪಲ್ಸ್‌ಆಡಿಯೊ ಆನ್ ಪೈಪ್‌ವೈರ್’ ಅಂತ ಬರುತ್ತದೆ. ಯಾವ ಸಲಹೆ ಪಾಲಿಸುವ ಮೊದಲೂ ಆ ಸಾಲು ನೋಡಿಕೊಂಡರೆ ಅರ್ಧ ತಲೆನೋವು ಕಡಿಮೆ.

ಗ್ನೂಭಕ್ತ
ಚಿಕ್ಕಮ್ಮಾ, ನಾನೇ. ನೀವು ಫೋನ್ ಮಾಡಿದ ಮೇಲೆ ಬಂದೆ.

ತಾತ ಊಹಿಸಿದ್ದು ಸರಿ. ಇನ್‌ಸ್ಟಾಲರ್ ಶುರು ಆಗುವಾಗ ‘ಫರ್ಮ್‌ವೇರ್=ನೆವರ್’ ಅಂತ ಕೊಟ್ಟಿದ್ದೆ. ಒಳಗೆ ಏನಿದೆ ಅಂತ ಗೊತ್ತಿಲ್ಲದ ಫೈಲ್‌ಗಳು ನಮ್ಮ ಯಂತ್ರದಲ್ಲಿ ಓಡಬಾರದು ಅನ್ನುವುದು ನನ್ನ ನಿಲುವು. ಅದಕ್ಕೇ ವೈಫೈಗೂ ಆಥೆರೋಸ್ 9271 ಚಿಪ್ ಇರುವ ಕಡ್ಡಿ ಹುಡುಕಿ ತಂದದ್ದು. ಅದರ ಫರ್ಮ್‌ವೇರ್ ಪೂರ್ತಿ ಮುಕ್ತ, ಡೆಬಿಯನ್ನಿನ ಮುಕ್ತ ತಂತ್ರಾಂಶದ ವಿಭಾಗವಾದ ಮೇನ್‌ನಲ್ಲೇ ಇದೆ.

ಎಸ್ಒಎಫ್ ಕೂಡ ಮುಕ್ತ ತಂತ್ರಾಂಶವೇ ಅಲ್ವಾ, ಹೆಸರಲ್ಲೇ ಓಪನ್ ಅಂತ ಇದೆ, ಮೇನ್‌ನಿಂದಲೇ ಬಂದಿರುತ್ತದೆ ಅಂದುಕೊಂಡಿದ್ದೆ. ಅದನ್ನು ಯಾಕೆ ನಾನ್-ಫ್ರೀಗೆ ತಳ್ಳಿದ್ದಾರೆ?

ಟರ್ಮಿನಲ್ ತಾತ
ಒಳ್ಳೆಯ ಪ್ರಶ್ನೆ. ಸೋರ್ಸ್ ಮುಕ್ತವೇ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಕಂಪೈಲ್ ಮಾಡಬಹುದು. ಆದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಲ್ಯಾಪ್‌ಟಾಪ್‌ನ ಡಿಎಸ್‌ಪಿ ಇಂಟೆಲ್ ಸಹಿ ಇರುವ ಫೈಲನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ನೀನೇ ಕಂಪೈಲ್ ಮಾಡಿದ್ದನ್ನು ಕೊಟ್ಟರೆ ಮುಟ್ಟುವುದಿಲ್ಲ. ಕೆಲವು ಕ್ರೋಮ್‌ಬುಕ್‌ಗಳಲ್ಲಿ ಎಲ್ಲರಿಗೂ ಸಿಗುವ ಕೀಲಿಯಿಂದ ಸಹಿ ಮಾಡಿದ್ದೂ ನಡೆಯುತ್ತದೆ, ನಿಮ್ಮದರಲ್ಲಿ ಇಲ್ಲ. ಹೀಗೆ ಸಹಿ ಹಾಕಿ ಬಂದ ಸಿದ್ಧ ಫೈಲನ್ನು ಡೆಬಿಯನ್ ತಾನೇ ಕಟ್ಟಲಾಗದು. ಅದಕ್ಕೇ ‘ಫರ್ಮ್‌ವೇರ್-ಎಸ್ಒಎಫ್-ಸೈನ್ಡ್’ ಅನ್ನುವ ಪ್ಯಾಕೇಜ್ ಮಾಡಿ ನಾನ್-ಫ್ರೀ-ಫರ್ಮ್‌ವೇರ್ ವಿಭಾಗದಲ್ಲಿ ಇಟ್ಟಿದ್ದಾರೆ.

ನಿನ್ನ ನಿಲುವನ್ನು ತಪ್ಪು ಅನ್ನುವುದಿಲ್ಲ. ಆದರೆ ಬೇರೆಯವರ ಯಂತ್ರಕ್ಕೆ ಹಾಕುವಾಗ ಅವರನ್ನು ಒಂದು ಮಾತು ಕೇಳಬೇಕು ಮಾರಾಯ. ಚಿಕ್ಕಮ್ಮನಿಗೆ ತಾಳಮದ್ದಳೆ ಕೇಳಬೇಕು, ನಿನಗೆ ಸಿದ್ಧಾಂತ ಉಳಿಯಬೇಕು, ಇಬ್ಬರ ನಡುವೆ ಲ್ಯಾಪ್‌ಟಾಪ್ ಮೂಕ.

ಗ್ನೂಭಕ್ತ
ಇನ್ನೊಂದು ದಾರಿ ಇದೆಯಲ್ಲ. ಈಟಿಸಿ ಒಳಗಿನ ಮೋಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ ಅನ್ನುವ ಮಾಡ್ಯೂಲ್‌ಗೆ ‘ಡಿಎಸ್‌ಪಿ_ಡ್ರೈವರ್=1’ ಅಂತ ಕೊಟ್ಟರೆ ಹಳೇ ಎಚ್‌ಡಿಎ ದಾರಿಯಲ್ಲೇ ಹೋಗುತ್ತದೆ. ಫರ್ಮ್‌ವೇರ್ ಬೇಕಾಗುವುದಿಲ್ಲ.

ಟರ್ಮಿನಲ್ ತಾತ
ಹೋಗುತ್ತದೆ. ಸ್ಪೀಕರ್, ಹೆಡ್‌ಫೋನ್ ಬಹುತೇಕ ಬರುತ್ತವೆ. ಒಳಗಿನ ಮೈಕ್ ಮಾತ್ರ ಸತ್ತೇ ಇರುತ್ತದೆ, ಅದು ಡಿಎಸ್‌ಪಿ ಮೂಲಕವೇ ಬರಬೇಕಲ್ಲ. ಸೌಂಡ್‌ವೈರ್ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಸ್ಪೀಕರೂ ಬರುವುದಿಲ್ಲ. ಶಾಲ್ಮಲೆಯವರೇ, ವಿಡಿಯೊ ಕಾಲ್ ಮಾಡುತ್ತೀರಾ?

ಶಾಲ್ಮಲೆ
ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ದಿನಾ ಮಾಡುತ್ತೇನೆ. ಈಗ ಫೋನ್‌ನಲ್ಲೇ ನಡೆಯುತ್ತಿದೆ, ಇದರಲ್ಲೂ ಬೇಕು. ಫರ್ಮ್‌ವೇರ್ ಹಾಕುವುದು ಹೇಗೆ ಹೇಳಿ. ಅಪ್ಪೂ, ನೀನು ಬೇಜಾರು ಮಾಡಿಕೊಳ್ಳಬೇಡ.

ಗ್ನೂಭಕ್ತ
ಬೇಜಾರಿಲ್ಲ ಚಿಕ್ಕಮ್ಮ. ಹೇಗೆ ಹಾಕುವುದು ಅಂತ ನಾನೇ ಬರೆಯುತ್ತೇನೆ.

ಟರ್ಮಿನಲ್‌ನಲ್ಲಿ ‘ಸುಡು ನ್ಯಾನೊ /ಈಟಿಸಿ/ಏಪ್ಟ್/ಸೋರ್ಸಸ್.ಲಿಸ್ಟ್’ ಕೊಡಿ. ಒಂದು ಫೈಲ್ ತೆರೆಯುತ್ತದೆ. ‘ಡೆಬ್’ ಅಂತ ಶುರುವಾಗುವ ಪ್ರತಿ ಸಾಲಿನ ಕೊನೆಯಲ್ಲಿ ‘ಮೇನ್’ ಅಂತ ಇದೆ. ಅದರ ಮುಂದೆ ಒಂದು ಸ್ಪೇಸ್ ಬಿಟ್ಟು ‘ನಾನ್-ಫ್ರೀ-ಫರ್ಮ್‌ವೇರ್’ ಸೇರಿಸಿ. ನಡುವೆ ಎರಡು ಅಡ್ಡಗೆರೆ ಮರೆಯಬೇಡಿ. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳನ್ನು ಮುಟ್ಟಬೇಡಿ. ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್.

ಆಮೇಲೆ ‘ಸುಡು ಏಪ್ಟ್ ಅಪ್‌ಡೇಟ್’. ಅದು ಮುಗಿದ ಮೇಲೆ ‘ಸುಡು ಏಪ್ಟ್ ಇನ್‌ಸ್ಟಾಲ್ ಫರ್ಮ್‌ವೇರ್-ಎಸ್ಒಎಫ್-ಸೈನ್ಡ್’. ಮುಗಿದ ಮೇಲೆ ರೀಸ್ಟಾರ್ಟ್ ಬೇಡ, ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿ.

ವೈಫೈ ಕಡ್ಡಿ ಹಾಗೇ ಇರಲಿ. ಅದನ್ನಾದರೂ ಬಿಟ್ಟುಕೊಡಿ. 🙂

ಬೆಣ್ಣೆದೋಸೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ದಾವಣಗೆರೆಯಿಂದ. ನನ್ನದು ಡೆಸ್ಕ್‌ಟಾಪ್, ಮಿಂಟ್ 22. ಹೊಸ ಮಾನಿಟರ್ ಎಚ್‌ಡಿಎಂಐ ಕೇಬಲ್‌ನಲ್ಲಿ ಹಾಕಿದ ದಿನದಿಂದ ಶಬ್ದ ಇಲ್ಲ. ನಾನೂ ಇದೇ ಫರ್ಮ್‌ವೇರ್ ಹಾಕಿಬಿಡಲಾ?

ಟರ್ಮಿನಲ್ ತಾತ
ಬೇಡ. ಎಪ್ಲೇ -ಎಲ್ ಕೊಟ್ಟಾಗ ಕಾರ್ಡ್‌ಗಳ ಹೆಸರು ಬರುತ್ತಿದ್ದರೆ ನಿಮ್ಮದು ಬೇರೆ ಕಥೆ. ಶಬ್ದ ಹೋಗುತ್ತಿದೆ, ಆದರೆ ಸ್ಪೀಕರೇ ಇಲ್ಲದ ಮಾನಿಟರ್‌ಗೆ ಹೋಗುತ್ತಿದೆ. ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಶಬ್ದವನ್ನೂ ಒಯ್ಯುತ್ತದಲ್ಲ, ಹೊಸ ಸಾಧನ ಬಂತು ಅಂತ ಅದಕ್ಕೇ ತಿರುಗಿಸಿಬಿಟ್ಟಿದೆ. ಸೌಂಡ್ ಸೆಟ್ಟಿಂಗ್ಸ್ ತೆರೆದು ಔಟ್‌ಪುಟ್‌ನಲ್ಲಿ ಅನಲಾಗ್ ಆರಿಸಿ. ಮತ್ತೆ ಮತ್ತೆ ತಾನೇ ತಿರುಗಿದರೆ ಪಾವುಕಂಟ್ರೋಲ್ ಅನ್ನುವ ಶಬ್ದ ನಿಯಂತ್ರಣದ ಪ್ರೋಗ್ರಾಮ್ ಹಾಕಿಕೊಳ್ಳಿ. ಅದರ ಕೊನೆಯ ಟ್ಯಾಬ್ ಕಾನ್ಫಿಗರೇಷನ್‌ಗೆ ಹೋಗಿ ಎಚ್‌ಡಿಎಂಐ ಕಾರ್ಡ್‌ನ ಪ್ರೊಫೈಲನ್ನು ಆಫ್ ಮಾಡಿಬಿಡಿ.

ಬೆಣ್ಣೆದೋಸೆ
ಆಯ್ತು ತಾತ, ಬಂತು! ಆಫ್ ಮಾಡಿದ ಕೂಡಲೇ ಒಂದೇ ಸಲ ಕಿವಿ ಹರಿಯುವ ಹಾಗೆ ಬಂತು. ಇಷ್ಟು ದಿನ ವಾಲ್ಯೂಮ್ ಏರಿಸಿ ಏರಿಸಿ ಇಟ್ಟಿದ್ದೆನಲ್ಲ. ಮನೆಯಲ್ಲಿ ಎಲ್ಲ ಎದ್ದು ಕೂತರು.

ಶಾಲ್ಮಲೆ
ಅಪ್ಪು ಹೇಳಿದ ಹಾಗೆ ಮಾಡಿದೆ. ‘ಡಮ್ಮಿ’ ಹೋಗಿ ಈಗ ‘ಸ್ಪೀಕರ್’ ಅಂತ ಬಂದಿದೆ. ಎಪ್ಲೇ ಕೊಟ್ಟರೆ ‘ಎಸ್ಒಎಫ್-ಎಚ್‌ಡಿಎ-ಡಿಎಸ್‌ಪಿ’ ಅನ್ನುವ ಕಾರ್ಡ್ ಕಾಣುತ್ತದೆ. ಹೆಡ್‌ಫೋನ್ ಹಾಕಿದರೆ ಕೇಳುತ್ತದೆ! ತೆಗೆದರೆ ಸ್ಪೀಕರ್‌ನಿಂದ ಮಾತ್ರ ಇನ್ನೂ ಏನೂ ಇಲ್ಲ. ಪರದೆಯಲ್ಲಿ ಶಬ್ದದ ಪಟ್ಟಿ ಕುಣಿಯುತ್ತಿದೆ.

ಟರ್ಮಿನಲ್ ತಾತ
ಮುಕ್ಕಾಲು ದಾರಿ ಬಂದಿರಿ. ಈಗ ಆಲ್ಸಾಮಿಕ್ಸರ್. ಟರ್ಮಿನಲ್‌ನಲ್ಲಿ ಆ ಹೆಸರು ಟೈಪ್ ಮಾಡಿದರೆ ನಿಂತ ಕಂಬಗಳ ಥರ ಒಂದು ಪರದೆ ಬರುತ್ತದೆ. ಶುರುವಿನಲ್ಲಿ ‘ಮಾಸ್ಟರ್’ ಅನ್ನುವ ಒಂದೇ ಕಂಬ ಕಂಡೀತು. ಬಹಳ ಜನ ಅಲ್ಲಿಗೇ ನೋಡಿ ‘ಎಲ್ಲ ಸರಿಯಾಗಿದೆ’ ಅಂತ ಮುಚ್ಚುತ್ತಾರೆ. ಅದು ಪೈಪ್‌ವೈರ್‌ನ ಮುಖವಾಡ, ನಿಜವಾದ ಕಾರ್ಡ್ ಅಲ್ಲ. ಎಫ್6 ಒತ್ತಿ, ಪಟ್ಟಿಯಲ್ಲಿ ಎಸ್ಒಎಫ್ ಕಾರ್ಡ್ ಆರಿಸಿ. ಆಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್ ಅಂತ ಸಾಲಾಗಿ ಬರುತ್ತವೆ.

ಪ್ರತಿ ಕಂಬದ ಬುಡದಲ್ಲಿ ಒಂದು ಪುಟ್ಟ ಚೌಕ ಇದೆ. ಅದರಲ್ಲಿ ಎರಡು ಎಂ ಇದ್ದರೆ ಬಾಯಿ ಮುಚ್ಚಿದೆ ಅಂತ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಎಂ ಕೀಲಿ ಒಮ್ಮೆ ಒತ್ತಿ. ಎರಡು ಸೊನ್ನೆ ಥರದ ಗುರುತು ಬಂದರೆ ತೆರೆಯಿತು. ಮೇಲ್ಬಾಣ ಒತ್ತಿ ಏರಿಸಿ. ಬಲಕ್ಕೆ ಹೋಗುತ್ತಾ ಇದ್ದರೆ ‘ಆಟೊ-ಮ್ಯೂಟ್ ಮೋಡ್’ ಅಂತ ಇನ್ನೊಂದು ಸಿಗಬಹುದು. ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ಮುಚ್ಚುವ ಕೆಲಸ ಅದರದ್ದು. ಜ್ಯಾಕ್‌ನಲ್ಲಿ ಧೂಳು ಕೂತು, ಏನೂ ಚುಚ್ಚದಿದ್ದರೂ ಚುಚ್ಚಿದೆ ಅಂತ ಯಂತ್ರ ತಿಳಿದುಕೊಂಡರೆ ಸ್ಪೀಕರ್ ಬಾಯಿ ಬಿಡುವುದೇ ಇಲ್ಲ. ಎಂ ತೆಗೆದ ಮೇಲೂ ಬರದಿದ್ದರೆ ಅದನ್ನು ಡಿಸೇಬಲ್ಡ್ ಮಾಡಿ ನೋಡಿ.

ಹೊರಗೆ ಬರಲು ಎಸ್ಕೇಪ್. ಪರೀಕ್ಷೆಗೆ ‘ಸ್ಪೀಕರ್-ಟೆಸ್ಟ್ -ಸಿ 2 -ಟಿ ವೇವ್’ ಕೊಟ್ಟರೆ ಒಬ್ಬಳು ಹೆಂಗಸು ‘ಫ್ರಂಟ್ ಲೆಫ್ಟ್, ಫ್ರಂಟ್ ರೈಟ್’ ಅಂತ ಹೇಳುತ್ತಾಳೆ. ಕಂಟ್ರೋಲ್ ಸಿ ಒತ್ತುವ ತನಕ ಹೇಳುತ್ತಲೇ ಇರುತ್ತಾಳೆ.

ಶಾಲ್ಮಲೆ
ಹೇಳಿದಳು!! ಸ್ಪೀಕರ್ ಕಂಬದ ಬುಡದಲ್ಲಿ ಎರಡು ಎಂ ಇತ್ತು. ಒತ್ತಿದೆ, ತೆರೆಯಿತು. ಎಲ್ಲರಿಗೂ ಧನ್ಯವಾದ. ಮೈಕೂ ಕೆಲಸ ಮಾಡುತ್ತಿದೆ.

ಟರ್ಮಿನಲ್ ತಾತ
ಸಂತೋಷ. ‘ಸುಡು ಆಲ್ಸಾಕ್‌ಟಿಎಲ್ ಸ್ಟೋರ್’ ಕೊಟ್ಟುಬಿಡಿ, ಈಗಿನ ಸ್ಥಿತಿ ಉಳಿಯುತ್ತದೆ.

ಕಿವಿಯೇ ಕಣ್ಣು
ಖುಷಿಯಾಯಿತು ಅಕ್ಕಾ. ನನ್ನ ಕಡೆಯಿಂದ ಎರಡು ಮಾತು, ನನ್ನಂಥವರು ಇದನ್ನು ಓದಿದರೆ ಉಪಯೋಗಕ್ಕೆ ಬಂದೀತು.

ಇಲ್ಲಿ ಹೇಳಿದ ಕಮಾಂಡ್ ಎಲ್ಲ ಸರಿ. ಆದರೆ ಶಬ್ದ ಹೋದರೆ ನನಗೆ ಪರದೆಯೇ ಹೋದ ಹಾಗೆ. ಎರರ್ ಏನು ಬಂತು ಅಂತ ಯಾರು ಓದಿ ಹೇಳಬೇಕು? ಅದಕ್ಕೇ ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಇರುತ್ತದೆ. ಹೆಬ್ಬೆರಳಿನಷ್ಟು ದಪ್ಪ, ಎರಡು ತೂತು. ಇವುಗಳಲ್ಲಿ ಬಹುತೇಕ ಎಲ್ಲವೂ ಯುಎಸ್‌ಬಿ ಆಡಿಯೊದ ಸಾಮಾನ್ಯ ನಿಯಮಕ್ಕೆ ತಕ್ಕಂತೆ ಮಾಡಿದವು. ಎಸ್‌ಎನ್‌ಡಿ-ಯುಎಸ್‌ಬಿ-ಆಡಿಯೊ ಅನ್ನುವ ಒಂದೇ ಡ್ರೈವರ್ ಸಾಕು, ಫರ್ಮ್‌ವೇರ್ ಫೈಲ್ ಕೇಳುವುದಿಲ್ಲ. ಚುಚ್ಚಿದರೆ ಓರ್ಕಾ ಮಾತಾಡುತ್ತದೆ. ಅದನ್ನು ಕೇಳಿಸಿಕೊಂಡು ಒಳಗಿನ ಕಾರ್ಡ್ ರಿಪೇರಿ ಮಾಡುತ್ತೇನೆ. ಮಾತು ನಿಂತಿದೆ ಅನಿಸಿದರೆ ಗ್ನೋಮ್‌ನಲ್ಲಿ ಸೂಪರ್, ಆಲ್ಟ್, ಎಸ್ ಒಟ್ಟಿಗೆ ಒತ್ತಿದರೆ ಓರ್ಕಾ ಶುರುವಾಗುತ್ತದೆ. ಡೆಬಿಯನ್ ಹಾಕುವಾಗಲೂ ಬೂಟ್ ಮೆನುವಿನಲ್ಲಿ ಎಸ್ ಒತ್ತಿ ಎಂಟರ್ ಕೊಟ್ಟರೆ ಇನ್‌ಸ್ಟಾಲರೇ ಮಾತಾಡುತ್ತಾ ಹೋಗುತ್ತದೆ. ‘ಫರ್ಮ್‌ವೇರ್ ಇಲ್ಲದ ಶುದ್ಧ ಇನ್‌ಸ್ಟಾಲರ್ ಇರಲಿ’ ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ಹಾಗಾದರೆ ಇಂಥ ಲ್ಯಾಪ್‌ಟಾಪ್‌ನಲ್ಲಿ ಆ ಇನ್‌ಸ್ಟಾಲರ್ ನನ್ನ ಪಾಲಿಗೆ ಮೂಕ.

ಇನ್ನೊಂದು. ಓರ್ಕಾಗೆ ದನಿ ಕೊಡುವ ಈಸ್ಪೀಕ್-ಎನ್‌ಜಿ ಕನ್ನಡ ಓದುತ್ತದೆ, ದನಿ ಯಂತ್ರದ್ದೇ, ಅಭ್ಯಾಸ ಆಗುತ್ತದೆ. ನನ್ನನ್ನು ಕಾಡುತ್ತಿದ್ದದ್ದು ಬೇರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬಾಣದ ಕೀಲಿ ಒತ್ತಿದರೆ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ‘ಬೇಡ’ ಅನ್ನುವುದು ‘ಡ’ ಅಂತ ಕೇಳಿದರೆ ಏನು ತಿಳಿಯಬೇಕು? ಕಾರಣ ಪೈಪ್‌ವೈರ್ ಜೊತೆ ಓಡುವ ವೈರ್‌ಪ್ಲಂಬರ್. ಐದು ಸೆಕೆಂಡ್ ಶಬ್ದ ಬರದಿದ್ದರೆ ಅದು ಕಾರ್ಡನ್ನು ಮಲಗಿಸುತ್ತದೆ, ಮತ್ತೆ ಏಳುವಷ್ಟರಲ್ಲಿ ಅಕ್ಷರ ಹೋಗಿರುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ‘ಸೆಷನ್.ಸಸ್ಪೆಂಡ್-ಟೈಮ್‌ಔಟ್-ಸೆಕೆಂಡ್ಸ್’ ಅನ್ನುವುದನ್ನು 0 ಮಾಡಿದೆ, ಮಲಗುವುದು ನಿಂತಿತು. ಎಚ್‌ಡಿಎ ಡ್ರೈವರ್ ಇರುವವರು ‘ಪವರ್_ಸೇವ್’ ಅನ್ನೂ 0 ಮಾಡಿಕೊಳ್ಳಬೇಕಾಗಬಹುದು. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಆಗಲಿ.

ಗ್ನೂಭಕ್ತ
ಇನ್‌ಸ್ಟಾಲರ್ ಬಗ್ಗೆ ನೀವು ಹೇಳಿದ್ದನ್ನು ನಾನು ಯೋಚಿಸಿಯೇ ಇರಲಿಲ್ಲ ಸರ್.

ಎಲೆಅಡಿಕೆ
ನನಗೂ ಒಂದು ಇದೆ. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಬರುತ್ತದೆ. ಮೀಟಿಂಗ್ ಶುರುವಾದ ಕೂಡಲೇ ಬಾವಿಯೊಳಗಿಂದ ಮಾತಾಡಿದ ಹಾಗೆ.

ಟರ್ಮಿನಲ್ ತಾತ
ಅದು ದೋಷ ಅಲ್ಲ, ಬ್ಲೂಟೂತ್ ಇರುವುದೇ ಹಾಗೆ. ಹಾಡಿಗೆ ಎ2ಡಿಪಿ ಅನ್ನುವ ಪ್ರೊಫೈಲ್, ಒಳ್ಳೆಯ ಗುಣಮಟ್ಟ, ಆದರೆ ಮೈಕ್ ಇಲ್ಲ. ಮೈಕ್ ಬೇಕು ಅಂದ ಕೂಡಲೇ ಫೋನ್ ಮಾತಿಗೆ ಮಾಡಿದ ಎಚ್‌ಎಫ್‌ಪಿಗೆ ಇಳಿಯುತ್ತದೆ. ಮೀಟಿಂಗ್‌ನಲ್ಲಿ ಮೈಕ್ ಮಾತ್ರ ಲ್ಯಾಪ್‌ಟಾಪಿನದ್ದು ಆರಿಸಿಕೊಳ್ಳಿ, ಹೆಡ್‌ಸೆಟ್ ಎ2ಡಿಪಿಯಲ್ಲೇ ಉಳಿಯುತ್ತದೆ.

ಶಾಲ್ಮಲೆ
ಈಗ ಕ್ಯಾಸೆಟ್ ವಿಷಯ. ಟೇಪ್ ರೆಕಾರ್ಡರ್‌ನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪ್‌ನ ಒಂದೇ ತೂತಿಗೆ ವೈರ್ ಹಾಕಿದೆ. ಶಬ್ದ ರೆಕಾರ್ಡ್ ಮಾಡುವ ಅಡಾಸಿಟಿ ಪ್ರೋಗ್ರಾಮ್‌ನಲ್ಲಿ ರೆಕಾರ್ಡ್ ಒತ್ತಿದರೆ ಮನೆಯೊಳಗಿನ ಸದ್ದೇ ಬರುತ್ತಿದೆ. ಮಿಕ್ಸಿ ಸದ್ದು ಕೂಡ ಬಂತು. ಕ್ಯಾಸೆಟ್‌ನದ್ದು ಏನೂ ಇಲ್ಲ.

ಟರ್ಮಿನಲ್ ತಾತ
ಆ ತೂತು ಹೆಡ್‌ಸೆಟ್‌ಗೆ ಮಾಡಿದ್ದು. ಪಿನ್ನಿನಲ್ಲಿ ನಾಲ್ಕು ಪಟ್ಟಿ ಬೇಕು: ಎಡ, ಬಲ, ಅರ್ತ್, ಮೈಕ್. ನಿಮ್ಮ ವೈರ್‌ಗೆ ಮೂರೇ ಪಟ್ಟಿ ಇರುತ್ತದೆ. ಲ್ಯಾಪ್‌ಟಾಪ್ ಅದನ್ನು ಹೆಡ್‌ಫೋನ್ ಅಂತ ತಿಳಿದು ಶಬ್ದವನ್ನು ಹೊರಗೆ ಕಳಿಸುತ್ತದೆ, ಒಳಗೆ ತೆಗೆದುಕೊಳ್ಳುವುದಿಲ್ಲ. ಮೈಕ್ ಒಳಗಿನದ್ದೇ ಉಳಿಯಿತು, ಅದಕ್ಕೇ ಮಿಕ್ಸಿ. ನಾಲ್ಕು ಪಟ್ಟಿಯ ಅಡಾಪ್ಟರ್ ಹಾಕಿದರೂ ಮೈಕ್ ದಾರಿ ಒಂದೇ ಚಾನೆಲ್. ಟೇಪಿನ ಜೋರು ಶಬ್ದ ಅಲ್ಲಿ ಒಡೆದುಹೋಗುತ್ತದೆ.

ಸೆಟ್ಟಿಂಗ್‌ನಿಂದ ಇದು ಸರಿಹೋಗುವುದಿಲ್ಲ. ಯುಎಸ್‌ಬಿ ಕಾರ್ಡ್ ಬೇಕು. ಆದರೆ ಕಿವಿಯೇ ಕಣ್ಣು ಹೇಳಿದ ಹೆಬ್ಬೆರಳಿನ ಗಾತ್ರದ್ದು ನಿಮ್ಮ ಕೆಲಸಕ್ಕೆ ಸಾಲದು, ಅವುಗಳ ಮೈಕ್ ತೂತೂ ಸಾಮಾನ್ಯವಾಗಿ ಒಂದೇ ಚಾನೆಲ್. ‘ಸ್ಟೀರಿಯೊ ಲೈನ್-ಇನ್’ ಅಂತ ಸ್ಪಷ್ಟವಾಗಿ ಬರೆದದ್ದು ನೋಡಿ ತನ್ನಿ. ಬಂದ ಮೇಲೆ ‘ಎರೆಕಾರ್ಡ್ -ಎಲ್’ ಕೊಟ್ಟರೆ ಪಟ್ಟಿಯಲ್ಲಿ ಕಾಣಬೇಕು. ಅಡಾಸಿಟಿ ರೆಕಾರ್ಡ್ ಮಾಡುತ್ತಿರುವಾಗಲೇ ಪಾವುಕಂಟ್ರೋಲ್ ತೆರೆದು ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಅಡಾಸಿಟಿಯ ಎದುರು ಆ ಕಾರ್ಡ್ ಆರಿಸಿ. ರೆಕಾರ್ಡ್ ನಿಂತಿದ್ದರೆ ಆ ಟ್ಯಾಬ್ ಖಾಲಿ ಕಾಣುತ್ತದೆ, ಗಾಬರಿ ಬೇಡ.

ಶಾಲ್ಮಲೆ
ಹುಬ್ಬಳ್ಳಿಗೆ ಹೋದ ಭಾವನ ಕೈಲಿ ತರಿಸಿದೆ. ಚುಚ್ಚಿದ ಕೂಡಲೇ ಕಂಡಿತು. ಪಾವುಕಂಟ್ರೋಲ್ ಹೇಳಿದ ಹಾಗೇ ಮಾಡಿದೆ. ಭಾಗವತರ ದನಿ ಬಂತು, ಚಂಡೆ ಬಂದಾಗ ಮಾತ್ರ ಕರಕರ. ಒಂದು ಕ್ಯಾಸೆಟ್ ಎಷ್ಟು ಜಾಗ ಹಿಡಿಯುತ್ತದೆ?

ಬೆಣ್ಣೆದೋಸೆ
ಜಾಗದ ಲೆಕ್ಕ ನಾನು ಹೇಳುತ್ತೇನೆ. 44,100 ಹರ್ಟ್ಸ್, 16 ಬಿಟ್, ಸ್ಟೀರಿಯೊ ಅಂದರೆ ಸೆಕೆಂಡಿಗೆ 1,76,400 ಬೈಟ್. 90 ನಿಮಿಷದ ಕ್ಯಾಸೆಟ್‌ಗೆ ಸುಮಾರು 950 ಎಂಬಿ. ಫ್ಲ್ಯಾಕ್ ಮಾಡಿ ಇಟ್ಟರೆ ಇನ್ನೂ ಕಡಿಮೆ, ಗುಣಮಟ್ಟ ಹೋಗುವುದಿಲ್ಲ.

ಟರ್ಮಿನಲ್ ತಾತ
ಕರಕರ ಅನ್ನುವುದು ಲೆವೆಲ್ ಜಾಸ್ತಿ ಆಗಿ. ತಾಳಮದ್ದಳೆಯಲ್ಲಿ ಅರ್ಥಗಾರಿಕೆ ಗಂಟೆಗಟ್ಟಲೆ ಮೆಲ್ಲಗೆ ನಡೆದು ಚಂಡೆ ಒಮ್ಮೆಲೇ ಮೇಲೇರುತ್ತದೆ. ಮಾತಿಗೆ ಲೆವೆಲ್ ಇಟ್ಟರೆ ಚಂಡೆ ಒಡೆಯುತ್ತದೆ. ಮೊದಲು ಕ್ಯಾಸೆಟ್‌ನಲ್ಲಿ ಚಂಡೆ ಜೋರಾಗಿರುವ ಕಡೆಗೆ ಓಡಿಸಿ, ಅಲ್ಲಿ ಅಡಾಸಿಟಿಯ ಮೀಟರ್ -6 ದಾಟದ ಹಾಗೆ ಟೇಪ್ ರೆಕಾರ್ಡರ್‌ನ ವಾಲ್ಯೂಮ್ ತಗ್ಗಿಸಿ. ಆಮೇಲೆ ಮೊದಲಿನಿಂದ ಶುರು ಮಾಡಿ. ಮಾತು ಸಣ್ಣಗಾದರೆ ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲಾಗದು.

ಬೂಸ್ಟು ಹಿಡಿದ ಕ್ಯಾಸೆಟ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅದರ ಪುಡಿ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಹೆಡ್ಡನ್ನು ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ದನಿ ಮುಸುಕು ಹಾಕಿದ ಹಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ ನೋಡಿ, ತಾಳದ ಸದ್ದು ಎಲ್ಲಿ ಚುರುಕಾಗಿ ಕೇಳುತ್ತದೋ ಅಲ್ಲಿ ಬಿಡಿ.

ಕಿವಿಯೇ ಕಣ್ಣು
ಆ ಸ್ಕ್ರೂ ತಿರುಗಿಸುವಾಗ ಸ್ಪೀಕರ್ ಬೇಡ ಅಕ್ಕಾ, ಹೆಡ್‌ಫೋನ್ ಹಾಕಿಕೊಳ್ಳಿ. ವ್ಯತ್ಯಾಸ ಬಹಳ ಸಣ್ಣದು. ಮೊದಲ ಫೈಲ್ ಆದ ಮೇಲೆ ಒಂದು ತುಣುಕು ನನಗೂ ಕಳಿಸಿ. ಎಡ ಬಲ ಸರಿ ಇದೆಯಾ, ಹಿನ್ನೆಲೆಯಲ್ಲಿ ಕರೆಂಟಿನ ಗುಂಯ್ ಇದೆಯಾ ಅಂತ ಕೇಳಿ ಹೇಳುತ್ತೇನೆ. ಗುಂಯ್ ಇದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ ನೋಡಿ.

ಶಾಲ್ಮಲೆ
ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತಿತು! ಈಗ ಮೊದಲ ಕ್ಯಾಸೆಟ್‌ನ ಎ ಬದಿ ಓಡುತ್ತಿದೆ. ಬ್ಯಾಟರಿ 61 ಇದೆ, ಎ ಬದಿ ಮುಗಿಯುವ ತನಕ ಸಾಕು ಅನಿಸುತ್ತದೆ. ಚಾರ್ಜ್ ಮಾಡಿಕೊಂಡು ಬಿ ಬದಿ ಸಂಜೆ.